ತೊಂಬತ್ತೊಂದು ಮತಗಳು

ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯನ್ನು ಒಪ್ಪದವರಿಲ್ಲ. ಆದರೆ ಚುನಾವಣೆ ಬಂತೆಂದರೆ ಇದೇ ಗಾದೆ ನಮಗೆ ಮರೆತುಹೋಗುತ್ತದೆ. "ಲಕ್ಷಗಟ್ಟಲೆ ಜನ ಮತ ಹಾಕುವಾಗ ನಮ್ಮದೊಂದು ಮತದಿಂದ ಆಗುವುದೇನು, ಹೋಗುವುದೇನು?" ಎಂದು ಕೇಳಿ, ಮತದಾನದ ರಜೆಯನ್ನು ಮನೆಯಲ್ಲಿಯೇ ಕಳೆಯುವ ಸಜ್ಜನರು ಈ ಮುಂಬಯಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಉಪದೇಶ ಮಾಡುವುದು ನಮ್ಮ ಉದ್ದೇಶವಲ್ಲ. ಉಪದೇಶವನ್ನು ಕೇಳಿ ಕೇಳಿ ಅವರ ಕಿವಿ ತೂತಾಗಿರಬೇಕು. ದೂರದ ಒಂದು ನಾಡಿನಲ್ಲಿ ನಡೆದುಹೋದ ಇತಿಹಾಸವೊಂದನ್ನು ಹೇಳುತ್ತೇವೆ. ಲೆಕ್ಕ ಬರೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನಮಗೆ ಈ ಕಥೆ ಬಹಳ ಹಿಡಿಸಿತು. ವಾಚಕರಿಗೂ ಹಿಡಿಸೀತೆಂದು ನಂಬಿದ್ದೇವೆ.

ನವೆಂಬರ್ ತಿಂಗಳ ಮೊದಲ ವಾರ ಕನ್ನಡಿಗರಿಗೆ ಹಬ್ಬದ ವಾರ. ಅಮೇರಿಕದ ಜನರಿಗೆ ಅದು ಚುನಾವಣೆಯ ವಾರ. ನವೆಂಬರಿನ ಮೊದಲನೆಯ ಸೋಮವಾರ ಕಳೆದು ಬರುವ ಮಂಗಳವಾರವೇ ಮತದಾನದ ದಿನವೆಂದು ಅವರಲ್ಲಿ ಗೊತ್ತಾಗಿಬಿಟ್ಟಿದೆ. ೧೯೬೨ ರಲ್ಲಿ ಆ ಮಂಗಳವಾರ ನವೆಂಬರ್ ೬ ರಂದು ಬಂತು. ಅಂದು ಮಿನ್ನೆಸೋಟಾ ಎಂಬ ರಾಜ್ಯದ ಜನರು ತಮ್ಮ ಗವರ್ನರನನ್ನು ಆರಿಸಲು ಮತ ಹಾಕಿದರು. ಅಂದು ರಾತ್ರಿ ತಿಳಿಯಬೇಕಾಗಿದ್ದ ಫಲಿತಾಂಶ ಮರುದಿನ ತಿಳಿಯಲಿಲ್ಲ, ಮರುವಾರ ತಿಳಿಯಲಿಲ್ಲ, ಆ ವರ್ಷವೇ ತಿಳಿಯಲಿಲ್ಲ. ಗೆದ್ದವರು ಪ್ರಮಾಣವಚನ ಸ್ವೀಕರಿಸಿದ್ದು ೧೯೬೩ ರ ಮಾರ್ಚ್ ೨೫ ರಂದು, ಅಂದರೆ ಮತದಾನವಾಗಿ ೧೩೯ ದಿನಗಳು ಕಳೆದ ಮೇಲೆ. ಹನ್ನೆರಡು ಲಕ್ಷಕ್ಕೂ ಮಿಕ್ಕಿ ಬಿದ್ದ ಮತಗಳಲ್ಲಿ ಗೆಲುವಿನ ಅಂತರ ಕೇವಲ ೯೧!

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗವರ್ನರ್ ಎಂದಕೂಡಲೆ ನಮ್ಮ ಕಣ್ಣ ಮುಂದೆ ನಮ್ಮ ರಾಜ್ಯಪಾಲರು ಬಂದು ನಿಲ್ಲುತ್ತಾರೆ. ನಮ್ಮಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅಧಿಕಾರ ನಡೆಸುವವರು ಮುಖ್ಯಮಂತ್ರಿಗಳು. ಅಮೇರಿಕದ ರಾಜ್ಯಗಳಲ್ಲಿ ಹಾಗಿಲ್ಲ. ಅಲ್ಲಿಯ ಗವರ್ನರನನ್ನು ಜನರೇ ನೇರವಾಗಿ ಚುನಾಯಿಸುತ್ತಾರೆ. ರಾಜ್ಯದ ಆಡಳಿತದ ಚುಕ್ಕಾಣಿ ಅವನ ಕೈಯಲ್ಲಿಯೇ ಇರುತ್ತದೆ. ಮಿನ್ನೆಸೋಟಾದಲ್ಲಿ ಅದುವರೆಗೆ ಗವರ್ನರನ ಅವಧಿ ಎರಡು ವರ್ಷ ಮಾತ್ರ ಇತ್ತು. ೧೯೬೨ ರ ಚುನಾವಣೆಯಿಂದ ಮೊದಲ್ಗೊಂಡು ಅದನ್ನು ನಾಲ್ಕು ವರ್ಷಕ್ಕೆ ಏರಿಸಿದ್ದರು. ಹೀಗಾಗಿ ಎರಡೂ ಪಕ್ಷದವರು ಹಿಂದೆಂದಿಗಿಂತ ಹೆಚ್ಚಿನ ಹುರುಪಿನಿಂದ ಕಣಕ್ಕಿಳಿದಿದ್ದರು.

ವಲಸೆಗಾರರ ನಾಡು

ಮಿನ್ನೆಸೋಟಾ ಅಮೇರಿಕದ ಉತ್ತರದ ಅಂಚಿನಲ್ಲಿ ಕೆನಡಾ ದೇಶಕ್ಕೆ ತಾಗಿಕೊಂಡಿರುವ ರಾಜ್ಯ. ಹತ್ತು ಸಾವಿರ ಸರೋವರಗಳ ನಾಡೆಂದು ಅದನ್ನು ಕರೆಯುತ್ತಾರೆ. ಮಿಸಿಸಿಪಿ ಮಹಾನದಿ ಹುಟ್ಟುವುದು ಅಲ್ಲಿಯ ಇಟಾಸ್ಕಾ ಸರೋವರದಲ್ಲಿ. ಸೇಂಟ್ ಪಾಲ್ ರಾಜಧಾನಿ. ಅದಕ್ಕೆ ಅಂಟಿಕೊಂಡು ಬೆಳೆದದ್ದು ಮಿನಿಯಾಪೊಲಿಸ್ ನಗರ. ದಕ್ಷಿಣದಲ್ಲಿ ಜೋಳ, ಗೋದಿ, ಹೈನಿನ ರೈತರು. ಈಶಾನ್ಯದಲ್ಲಿ ಮೆಸಾಬಿ ಬೆಟ್ಟಸಾಲಿನ ಕಬ್ಬಿಣದ ಗಣಿಗಳ ಕಾರ್ಮಿಕರು. ಚಳಿಗಾಲದಲ್ಲಿ ಸರೋವರಗಳ ನೀರು ಗಟ್ಟಿಯಾಗಿ ಅದರ ಮೇಲೆ ಮೋಟಾರು ಓಡಿಸುವಷ್ಟು ಚಳಿ. ೧೯೬೦ ರ ಜನಗಣತಿಯಲ್ಲಿ ಆ ರಾಜ್ಯದ ಜನಸಂಖ್ಯೆ ಸುಮಾರು ೩೪ ಲಕ್ಷ.

ಈ ಜನರಲ್ಲಿ ಬಹುಪಾಲಿನವರ ಹಿರಿಯರು ನಾರ್ವೆ, ಸ್ವೀಡನ್, ಜರ್ಮನಿ, ಫಿನ್ಲೆಂಡ್ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಹೊರಟು ಬಂದವರು. ಊರು ಬಿಟ್ಟು ಊರಿಗೆ ಬಂದ ನಮಗೆ ಅವರ ಬಾಳು ಬಿಡಿಸಿ ಹೇಳಬೇಕಾದದ್ದಲ್ಲ. ಬಂದ ನೆಲದ ಭಾಷೆಯನ್ನು ಕಲಿಯಬೇಕು, ಬಿಟ್ಟು ಬಂದ ನೆಲದ ಭಾಷೆಯನ್ನು ಮಕ್ಕಳ ಬಾಯಲ್ಲಿ ಉಳಿಸಬೇಕು ಎಂಬ ಎರಡು ಎಳೆತಗಳ ನಡುವೆ ಅವರೂ ಬಾಳಿದವರು. ನಾವು ಹೇಳಲಿರುವ ಕಥೆಯ ಇಬ್ಬರು ನಾಯಕರೂ ಇಂಥ ವಲಸೆಗಾರರ ಮಕ್ಕಳೇ.

ಎಲ್ಮರ್ ಆಂಡರ್ಸನ್ ಎಂಬವರು ಅಂದು ಅಧಿಕಾರದಲ್ಲಿದ್ದ ಗವರ್ನರ್. ಪಕ್ಷ ರಿಪಬ್ಲಿಕನ್. ಅವರು ಹುಟ್ಟಿದ್ದು ೧೯೦೯ ರಲ್ಲಿ ಶಿಕಾಗೋದಲ್ಲಿ. ತಂದೆ ನಾರ್ವೆಯಿಂದ ಬಂದವರು. ಹದಿಹರೆಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗ ಮಾರಾಟಗಾರನಾಗಿ ಮಿನ್ನೆಸೋಟಾಕ್ಕೆ ಬಂದ. ದುಡಿಯುತ್ತ ಓದಿ ಅಲ್ಲಿಯ ವಿಶ್ವವಿದ್ಯಾಲಯದಿಂದ ೧೯೩೧ ರಲ್ಲಿ ವಾಣಿಜ್ಯದ ಪದವಿ ಪಡೆದ. ಆಮೇಲೆ ಅಂಟು ತಯಾರಿಸುವ ಎಚ್. ಬಿ. ಫುಲ್ಲರ್ ಎಂಬ ಸಂಸ್ಥೆಯನ್ನು ಸೇರಿ, ೧೯೪೧ ರಲ್ಲಿ ಅದರ ಅಧ್ಯಕ್ಷನೇ ಆದ. ವಾಣಿಜ್ಯ ಓದಿದವರು ಬ್ಯಾಂಕಿನ ಮೇಜಿಗೇ ಮುಗಿದುಹೋಗಬೇಕೆಂದಿಲ್ಲ ಎಂಬುದಕ್ಕೆ ಇದೊಂದು ದೃಷ್ಟಾಂತ! ರಾಜ್ಯದ ಸೆನೆಟಿನಲ್ಲಿ ಹತ್ತು ವರ್ಷ ದುಡಿದು, ೧೯೬೦ ರಲ್ಲಿ ಆಂಡರ್ಸನ್ ಗವರ್ನರ್ ಚುನಾವಣೆಗೆ ನಿಂತರು; ಮೂರು ಬಾರಿ ಗೆದ್ದಿದ್ದ ಓರ್ವಿಲ್ ಫ್ರೀಮನ್ನರನ್ನು ಸೋಲಿಸಿದರು.

ಈ ಫ್ರೀಮನ್ನರ ಹೆಸರನ್ನು ನಮ್ಮ ಹಿರಿಯರು ಕೇಳಿರಬಹುದು. ಸೋತ ಅವರನ್ನು ಅಧ್ಯಕ್ಷ ಕೆನೆಡಿಯವರು ೧೯೬೧ ರಲ್ಲಿ ದೇಶದ ಕೃಷಿ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡರು. ೧೯೬೫ ರ ನವೆಂಬರಿನಲ್ಲಿ ರೋಮ್ ನಗರದಲ್ಲಿ ನಮ್ಮ ಆಹಾರಮಂತ್ರಿ ಸಿ. ಸುಬ್ರಹ್ಮಣ್ಯಂ ಅವರೊಡನೆ ಕುಳಿತು ಕೃಷಿ ಸುಧಾರಣೆಯ ಒಪ್ಪಂದ ಮಾಡಿಕೊಂಡವರು ಇವರೇ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಅಮೇರಿಕದ ಗೋದಿ ತಂದ ಕಾಲವನ್ನು ನಮ್ಮ ಮನೆಗಳ ಅಜ್ಜಿಯರು ಈಗಲೂ ನೆನೆಯುತ್ತಾರೆ. ಆ ಗೋದಿಯ ವ್ಯವಹಾರವನ್ನು ಅಲ್ಲಿಂದ ನೋಡಿಕೊಂಡವರು ಮಿನ್ನೆಸೋಟಾದ ಒಬ್ಬ ಮಾಜಿ ಗವರ್ನರ್ ಎಂಬುದು ನೆನಪಿಡತಕ್ಕ ಸಂಗತಿ.

೧೯೬೨ ರಲ್ಲಿ ಆಂಡರ್ಸನ್ನರಿಗೆ ಇದಿರಾಗಿ ನಿಂತವರು ಕಾರ್ಲ್ ರೋಲ್ವಾಗ್. ಅವರದು ಡೆಮೊಕ್ರಾಟಿಕ್-ಫಾರ್ಮರ್-ಲೇಬರ್ ಪಕ್ಷ. ಡೆಮೊಕ್ರಾಟರೂ ರೈತ-ಕಾರ್ಮಿಕ ಪಕ್ಷದವರೂ ೧೯೪೪ ರಲ್ಲಿ ಒಂದುಗೂಡಿ ಕಟ್ಟಿದ ಪಕ್ಷವಿದು. ಮಿನ್ನೆಸೋಟಾದಲ್ಲಿ ಡೆಮೊಕ್ರಾಟರಿಗೆ ಇಂದಿಗೂ ಇದೇ ಹೆಸರು. ರೋಲ್ವಾಗ್ ಹುಟ್ಟಿದ್ದು ೧೯೧೩ ರಲ್ಲಿ ನಾರ್ತ್‌ಫೀಲ್ಡ್ ಊರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಪಡೆಯಲ್ಲಿದ್ದು ತೀವ್ರವಾಗಿ ಗಾಯಗೊಂಡು ಬಂದವರು. ೧೯೫೫ ರಿಂದ ಉಪಗವರ್ನರ್ ಆಗಿದ್ದರು. ಅಮೇರಿಕದ ಆ ರಾಜ್ಯದಲ್ಲಿ ಗವರ್ನರನಿಗೂ ಉಪಗವರ್ನರನಿಗೂ ಆಗ ಬೇರೆ ಬೇರೆ ಮತದಾನ ನಡೆಯುತ್ತಿತ್ತು. ಆದ್ದರಿಂದ ಗವರ್ನರ್ ಒಂದು ಪಕ್ಷದವರು, ಉಪಗವರ್ನರ್ ಇನ್ನೊಂದು ಪಕ್ಷದವರು ಎಂಬ ವಿಚಿತ್ರ ಸ್ಥಿತಿ ಎರಡು ವರ್ಷ ನಡೆದಿತ್ತು.

ಇವರ ತಂದೆಯ ವಿಷಯವನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಾಗದು. ಓ. ಇ. ರೋಲ್ವಾಗ್ ನಾರ್ವೆಯ ಒಂದು ದ್ವೀಪದ ಬೆಸ್ತರ ಮನೆಯಲ್ಲಿ ಹುಟ್ಟಿ, ೧೮೯೬ ರಲ್ಲಿ ಅಮೇರಿಕಕ್ಕೆ ಬಂದವರು. ಹೊಲದಲ್ಲಿ ದುಡಿದು, ಓದಿ, ನಾರ್ತ್‌ಫೀಲ್ಡಿನ ಸೇಂಟ್ ಓಲಾಫ್ ಕಾಲೇಜಿನಲ್ಲಿ ನಾರ್ವೇಜಿಯನ್ ಭಾಷೆಯ ಪ್ರಾಧ್ಯಾಪಕರಾದರು. ಹುಲ್ಲುಗಾವಲಿನ ಬಯಲಿನಲ್ಲಿ ಮನೆ ಹೂಡಿದ ವಲಸೆಗಾರರ ಬದುಕನ್ನು ಕುರಿತು ಅವರು ಬರೆದ ಕಾದಂಬರಿಗಳು ಮೊದಲು ಅಚ್ಚಾದದ್ದು ನಾರ್ವೆಯಲ್ಲಿ. ಅವುಗಳ ಇಂಗ್ಲಿಷ್ ರೂಪ 'ಜೈಂಟ್ಸ್ ಇನ್ ದಿ ಅರ್ತ್' ಹೊರಬಂದದ್ದು ೧೯೨೭ ರಲ್ಲಿ. ಅಮೇರಿಕದಲ್ಲಿ ಮೂವತ್ತು ವರ್ಷ ಬಾಳಿದರೂ ಅವರು ಬರೆದದ್ದು ತಾಯಿನುಡಿಯಲ್ಲಿ. ಹೊಸ ನಾಡಿಗೆ ಒಳ್ಳೆಯ ಪ್ರಜೆಯಾಗಬೇಕಾದರೆ ಹಳೆಯ ನುಡಿಯನ್ನು ತೊರೆಯಬೇಕಾಗಿಲ್ಲವೆಂದು ಅವರು ಬಾಳಿನುದ್ದಕ್ಕೂ ವಾದಿಸಿದರು. ೧೯೩೧ ರಲ್ಲಿ ತೀರಿಕೊಂಡ ಅವರು ಮಗನ ಚುನಾವಣೆಯನ್ನು ನೋಡಲಿಲ್ಲ. ಆದರೆ ತಾಯಿನುಡಿಯನ್ನು ಬಿಡದ ಮನೆಯಲ್ಲಿ ಬೆಳೆದ ಮಗ ಬಂದ ನಾಡಿನ ಅತ್ಯುಚ್ಚ ಪದವಿಗೆ ಉಮೇದುವಾರನಾಗಿ ನಿಂತನಲ್ಲ! ತಂದೆಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೊಂದಿಲ್ಲ.

ಪ್ರಚಾರದ ಬಿರುಸು

ಇಬ್ಬರೂ ಸಭ್ಯ ಗೃಹಸ್ಥರು. ಆದರೂ ಪ್ರಚಾರ ಬಿರುಸಾಗಿ ನಡೆಯಿತು. ಕಬ್ಬಿಣದ ಉತ್ತಮ ಅದಿರು ಮುಗಿಯುತ್ತ ಬಂದಿತ್ತು. ಟ್ಯಾಕೊನೈಟ್ ಎಂಬ ಕೆಳದರ್ಜೆಯ ಅದಿರನ್ನು ಸಂಸ್ಕರಿಸುವ ಕಂಪನಿಗಳಿಗೆ ತೆರಿಗೆಯ ವಿಷಯದಲ್ಲಿ ಭರವಸೆ ಕೊಡಬೇಕೋ ಬಾರದೋ ಎಂಬುದು ಒಂದು ದೊಡ್ಡ ವಾದವಾಗಿತ್ತು. ಅಕ್ಟೋಬರಿನಲ್ಲಿ ಅಧ್ಯಕ್ಷ ಕೆನೆಡಿಯವರೇ ಸೇಂಟ್ ಪಾಲಿಗೆ ಬಂದು ತಮ್ಮ ಪಕ್ಷದ ಪರವಾಗಿ ಮಾತನಾಡಿ ಹೋದರು. ಆಮೇಲೆ ಕ್ಯೂಬಾದ ಕ್ಷಿಪಣಿಗಳ ಗಂಡಾಂತರ ಬಂದು ಇಡೀ ದೇಶದ ಉಸಿರನ್ನು ಹಿಡಿದು ನಿಲ್ಲಿಸಿತು.

ಕೊನೆಯ ದಿನಗಳಲ್ಲಿ ಒಂದು ಹೊಸ ಆರೋಪ ಎದ್ದಿತು. ಹಿಂಕ್ಲಿ ಎಂಬ ಊರಿನ ಬಳಿ ಕಟ್ಟುತ್ತಿದ್ದ ೩೫ ನೆಯ ಹೆದ್ದಾರಿಯ ಕೆಲಸವನ್ನು ಚುನಾವಣೆಗೆ ಮುಂಚೆ ಉದ್ಘಾಟಿಸುವ ಆಸೆಯಿಂದ ಆಂಡರ್ಸನ್ ಸರಕಾರ ಅವಸರ ಮಾಡಿಸಿತು. ಅದರಿಂದ ಕಾಂಕ್ರೀಟಿನ ಕೆಲಸ ಕಳಪೆಯಾಯಿತು ಎಂದು ಡೆಮೊಕ್ರಾಟರು ಕೂಗಾಡಿದರು. ಸೆನೆಟರ್ ಹ್ಯೂಬರ್ಟ್ ಹಂಫ್ರಿಯವರೂ ಈ ಮಾತಿಗೆ ದನಿಗೂಡಿಸಿದರು. ಆಂಡರ್ಸನ್ ಬಲವಾಗಿ ಅಲ್ಲಗಳೆದರು. ಆದರೆ ಮತದಾನಕ್ಕೆ ಉಳಿದದ್ದು ಕೆಲವೇ ದಿನ. ಆರೋಪ ಓಡಿದ ವೇಗದಲ್ಲಿ ಉತ್ತರ ಓಡಲಿಲ್ಲ. ಈ ರಸ್ತೆಯ ಗಲಾಟೆಯೇ ತಮ್ಮ ಸೋಲಿಗೆ ಕಾರಣವೆಂದು ಆಂಡರ್ಸನ್ ಕೊನೆಯವರೆಗೂ ನಂಬಿದ್ದರು. ೯೧ ಮತಗಳ ಸೋಲಿಗೆ ಯಾವುದು ತಾನೇ ಕಾರಣವಾಗಲಾರದು? ಅಂದು ಒಂದೂರಿನಲ್ಲಿ ಮಳೆ ಬಂದಿದ್ದರೆ, ಇನ್ನೊಂದೂರಿನಲ್ಲಿ ಯಾರದೋ ಮೋಟಾರು ಕೆಟ್ಟು ನಿಂತಿದ್ದರೆ, ಅದೂ ಕಾರಣವಾಗಬಹುದಾಗಿತ್ತು.

ಅಂಕಿಗಳ ತೂಗುಯ್ಯಾಲೆ

ಮತದಾನದ ರಾತ್ರಿ ಎಣಿಕೆ ಪ್ರಾರಂಭವಾದಾಗಿನಿಂದ ಮುನ್ನಡೆ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ. ಮಿನ್ನೆಸೋಟಾದಲ್ಲಿ ೮೭ ಕೌಂಟಿಗಳು, ಅಂದರೆ ನಮ್ಮ ತಾಲ್ಲೂಕು-ಜಿಲ್ಲೆಗಳಂಥ ವಿಭಾಗಗಳು ಇವೆ. ಪ್ರತಿಯೊಂದು ಊರಿನ ಮತಗಟ್ಟೆಯಿಂದ ಅಂಕಿಗಳು ಕೌಂಟಿಗೆ ಹೋಗಬೇಕು. ಕೌಂಟಿಗಳಿಂದ ರಾಜಧಾನಿಗೆ ಬರಬೇಕು. ಅಲ್ಲಿ ರಾಜ್ಯದ ಕಾರ್ಯದರ್ಶಿಯೂ ನ್ಯಾಯಾಧೀಶರೂ ಕೂಡಿದ ಒಂದು ಮಂಡಲಿ ಎಲ್ಲವನ್ನೂ ಒಟ್ಟುಗೂಡಿಸಿ ಫಲಿತಾಂಶವನ್ನು ಘೋಷಿಸಬೇಕು. ಶಾಖೆಗಳಿಂದ ಪ್ರಧಾನ ಕಚೇರಿಗೆ ತಖ್ತೆಗಳು ಬರುವ ಹಾಗೆಯೇ ಇದೂ.

ಬ್ಯಾಂಕಿನಲ್ಲಿ ದುಡಿಯುವವರಿಗೆ ಇಂಥ ಕಡೆ ಏನಾಗುತ್ತದೆಂದು ಗೊತ್ತು. ಈಗ ಕೂಡುವುದು ಕಳೆಯುವುದನ್ನೆಲ್ಲ ಕಂಪ್ಯೂಟರು ಮಾಡುತ್ತದೆ. ಆದರೆ ಲೆಡ್ಜರುಗಳ ಕಾಲದಲ್ಲಿ ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವಾಗ ೬೯ ಎಂಬುದು ೯೬ ಆಗಿ ಕುಳಿತುಬಿಡುತ್ತಿತ್ತೆಂದೂ, ಆ ಒಂದು ತಪ್ಪಿಗಾಗಿ ಇಡೀ ಶಾಖೆ ರಾತ್ರಿ ಹತ್ತರ ತನಕ ಕಾದು ಕೂಡಬೇಕಾಗುತ್ತಿತ್ತೆಂದೂ ನಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಅಂತರ ಹತ್ತು ಸಾವಿರವಿದ್ದಾಗ ಇಂಥ ತಪ್ಪುಗಳನ್ನು ಯಾರೂ ಹುಡುಕುವುದಿಲ್ಲ. ಅಂತರ ನೂರರೊಳಗೆ ಇಳಿದಾಗ ಪ್ರತಿಯೊಂದು ಅಂಕೆಗೂ ಜೀವ ಬರುತ್ತದೆ.

ಕೌಂಟಿಗಳಿಂದ ಮೊದಲು ಬಂದ ಲೆಕ್ಕದ ಪ್ರಕಾರ ರೋಲ್ವಾಗರು ೫೮ ಮತಗಳಿಂದ ಮುಂದಿದ್ದರು. ಅಷ್ಟರಲ್ಲಿ ಕೆಲವು ಕೌಂಟಿಗಳ ಅಧಿಕಾರಿಗಳು ತಮ್ಮ ಲೆಕ್ಕದಲ್ಲಿ ತಪ್ಪು ನುಸುಳಿದೆಯೆಂದು ಕಂಡುಕೊಂಡು ತಿದ್ದಿದ ತಖ್ತೆಗಳನ್ನು ಕಳಿಸಿದರು. ಇವುಗಳನ್ನು ಹಿಡಿದರೆ ಆಂಡರ್ಸನ್ ೧೪೨ ಮತಗಳಿಂದ ಗೆದ್ದಂತಾಗುತ್ತಿತ್ತು. ಈಗ ಎದ್ದ ಪ್ರಶ್ನೆ ಇದು: ಒಮ್ಮೆ ಸಹಿ ಮಾಡಿ ಕಳಿಸಿದ ತಖ್ತೆಯನ್ನು ಹಿಂದೆಗೆದುಕೊಂಡು ಬೇರೊಂದನ್ನು ಕಳಿಸಲು ಅಧಿಕಾರವಿದೆಯೇ? ತಪ್ಪು ತಿಳಿದ ಮೇಲೂ ತಿದ್ದಬಾರದೆಂದರೆ ಸತ್ಯಕ್ಕೆ ಅಪಚಾರ. ಯಾವಾಗ ಬೇಕಾದರೂ ತಿದ್ದಬಹುದೆಂದರೆ, ಎಷ್ಟು ಮತ ಸಾಲದಾಗಿದೆಯೆಂದು ಗೊತ್ತಾದ ಮೇಲೆ ತಿದ್ದಿದರೆಂಬ ಸಂಶಯಕ್ಕೆ ಬಾಗಿಲು ತೆರೆದಂತೆ. ಎರಡು ವಾದಗಳಲ್ಲಿಯೂ ಹುರುಳಿತ್ತು. ಮಂಡಲಿಯಲ್ಲಿ ಒಮ್ಮತ ಮೂಡಲಿಲ್ಲ. ವಿಷಯ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿಯೂ ನ್ಯಾಯಮೂರ್ತಿಗಳು ಒಂದಾಗಲಿಲ್ಲ. ತಿದ್ದಿದ ತಖ್ತೆಗಳನ್ನು ಒಪ್ಪಿಕೊಳ್ಳಬೇಕೆಂದು ಮೂವರು, ಬೇಡವೆಂದು ಇಬ್ಬರು. ಹೀಗೆ ಆಂಡರ್ಸನ್ನರಿಗೆ ೧೪೨ ಮತಗಳ ಮುನ್ನಡೆ ಸಿಕ್ಕಿತು.

ರೋಲ್ವಾಗರು ಸುಮ್ಮನಾಗಲಿಲ್ಲ. ಕೂಡಿಸಿದ ಅಂಕಿಗಳನ್ನು ಪುನಃ ಕೂಡಿಸಿದರೆ ಸಾಲದು, ಮತಚೀಟಿಗಳನ್ನೇ ಮತ್ತೊಮ್ಮೆ ಎಣಿಸಬೇಕು ಎಂದು ನ್ಯಾಯಾಲಯವನ್ನು ಕೇಳಿಕೊಂಡರು. ಅದಕ್ಕಾಗಿ ಮೂವರು ಜಿಲ್ಲಾ ನ್ಯಾಯಾಧೀಶರ ಒಂದು ಪೀಠ ಏರ್ಪಟ್ಟಿತು. ಸಿಡ್ನಿ ಕೇನರ್, ಜೆ. ಎಚ್. ಸಿಲ್ವೆಸ್ಟರ್, ಲಿಯೊನಾರ್ಡ್ ಕೀಸ್ ಎಂಬವರೇ ಆ ಮೂವರು.

ಮೂವರು ಕೂಡಿ ಎಣಿಸಿದ ಪರಿ

ಈ ಮರುಎಣಿಕೆಯ ಕ್ರಮವೇ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ. ಎಣಿಸುವ ತಂಡ ಒಂದೊಂದರಲ್ಲಿಯೂ ಮೂವರು ಇರುತ್ತಿದ್ದರು: ಒಬ್ಬ ರಿಪಬ್ಲಿಕನ್ ಪಕ್ಷದವನು, ಒಬ್ಬ ಡೆಮೊಕ್ರಾಟ್ ಪಕ್ಷದವನು, ಮತ್ತೊಬ್ಬ ತಟಸ್ಥ. ಮೂವರ ಕಣ್ಣ ಮುಂದೆ ಚೀಟಿ ಚೀಟಿಯನ್ನೂ ಬಿಡಿಸಿ ನೋಡಬೇಕು. ಮೂವರೂ ಒಪ್ಪಿದರೆ ಆ ಚೀಟಿ ಲೆಕ್ಕಕ್ಕೆ ಸೇರುತ್ತದೆ. ಯಾರಾದರೊಬ್ಬರು ತಕರಾರು ತೆಗೆದರೆ ಅದನ್ನು ಬೇರೆಯಾಗಿ ತೆಗೆದಿಡಬೇಕು.

ಅಲ್ಲಿಯ ಕಾಗದದ ಚೀಟಿಯಲ್ಲಿ ಮತದಾರ ತನಗೆ ಬೇಕಾದ ಹೆಸರಿನ ಮುಂದಿನ ಚೌಕದಲ್ಲಿ ಪೆನ್ಸಿಲಿನಿಂದ ಗುಣಾಕಾರದ ಗುರುತು ಹಾಕಬೇಕು. ಕೇಳಿದರೆ ಎಷ್ಟು ಸುಲಭ! ಆದರೆ ಗುರುತು ಚೌಕದಿಂದ ಆಚೆ ಬಿದ್ದಿದ್ದರೆ? ಒಂದು ಕಡೆ ಹಾಕಿ, ಅಳಿಸಿ, ಇನ್ನೊಂದು ಕಡೆ ಹಾಕಿದ್ದರೆ? ಚೀಟಿಯ ಮೇಲೆ ಯಾರೋ ತಮ್ಮ ಹೆಸರನ್ನೇ ಬರೆದಿಟ್ಟಿದ್ದರೆ? ಮತದಾರನ ಇಂಗಿತ ಸ್ಪಷ್ಟವಾಗಿ ತಿಳಿಯುವಂತಿದ್ದರೆ ಮತವನ್ನು ಒಪ್ಪಬೇಕು. ಯಾರ ಚೀಟಿಯೆಂದು ಗುರುತು ಸಿಗುವಂಥ ಚಿಹ್ನೆಯಿದ್ದರೆ ತಳ್ಳಿಹಾಕಬೇಕು ಎಂಬುದು ಕಾನೂನು. ಗುಟ್ಟಿನ ಮತದಾನದ ಗುಟ್ಟು ಉಳಿಯಬೇಕಾದರೆ ಎರಡನೆಯ ನಿಯಮ ಬೇಕು. ಕೈ ನಡುಗುವ ಮುದುಕಿಯ ಮತ ಉಳಿಯಬೇಕಾದರೆ ಮೊದಲನೆಯ ನಿಯಮ ಬೇಕು.

ಆ ಚಳಿಗಾಲದ ದಿನಗಳಲ್ಲಿ ರಾಜ್ಯದ ಊರೂರುಗಳಲ್ಲಿ ಮತಪೆಟ್ಟಿಗೆಗಳನ್ನು ತೆರೆದು ಈ ಕೆಲಸ ನಡೆಯಿತು. ಮೊದಮೊದಲು ಎರಡು ಪಕ್ಷದವರೂ ಹುರುಪಿನಿಂದ ಸಿಕ್ಕಸಿಕ್ಕ ಚೀಟಿಗಳಿಗೆಲ್ಲ ತಕರಾರು ತೆಗೆದರು. ತಕರಾರಿನ ಚೀಟಿಗಳು ಹತ್ತಾರು ಸಾವಿರಗಳಾದವು. ಆಮೇಲೆ ವಕೀಲರು ಕುಳಿತು ಜರಡಿ ಹಿಡಿದರು. ಹುರುಳಿಲ್ಲದ ತಕರಾರುಗಳನ್ನು ಇವರಷ್ಟು ಇವರು, ಅವರಷ್ಟು ಅವರು ಹಿಂದೆಗೆದುಕೊಂಡರು. ಕೊನೆಗೆ ನ್ಯಾಯಾಧೀಶರ ಮುಂದೆ ಉಳಿದದ್ದು ಮೊದಲಿನದರ ಒಂದು ಸಣ್ಣ ಪಾಲು. ಅವುಗಳನ್ನು ಮೂವರು ನ್ಯಾಯಾಧೀಶರೂ ಪರೀಕ್ಷಿಸಿದರು.

ಇತ್ತ ರಾಜ್ಯದ ಆಡಳಿತ ನಿಲ್ಲಲಿಲ್ಲ. ಉತ್ತರಾಧಿಕಾರಿ ಬರುವವರೆಗೆ ಇದ್ದವರೇ ಮುಂದುವರಿಯಬೇಕೆಂಬ ನಿಯಮದಂತೆ ಜನವರಿ ಕಳೆದರೂ ಆಂಡರ್ಸನ್ ಗವರ್ನರರಾಗಿಯೇ ಇದ್ದರು. ರೋಲ್ವಾಗರ ಸ್ಥಿತಿ ಮಾತ್ರ ಎರಡೂ ಕಡೆಗಿಲ್ಲದಂತಾಯಿತು. ಉಪಗವರ್ನರನ ಅವಧಿ ಜನವರಿಯಲ್ಲಿ ಮುಗಿದು ಆ ಕುರ್ಚಿಗೆ ಸ್ಯಾಂಡಿ ಕೀತ್ ಬಂದು ಕುಳಿತರು. ಹಳೆಯ ಕುರ್ಚಿ ಹೋಯಿತು, ಹೊಸದು ಬರಲಿಲ್ಲ.

ಕೊನೆಗೂ ೧೯೬೩ ರ ಮಾರ್ಚ್ ೨೧ ರಂದು ಮೂವರು ನ್ಯಾಯಾಧೀಶರ ತೀರ್ಪು ಬಂತು. ಕಾರ್ಲ್ ರೋಲ್ವಾಗರಿಗೆ ೬,೧೯,೮೪೨ ಮತಗಳು. ಎಲ್ಮರ್ ಆಂಡರ್ಸನ್ನರಿಗೆ ೬,೧೯,೭೫೧ ಮತಗಳು. ಹಿಂದೆ ೧೪೨ ರಿಂದ ಸೋತವರು ಈಗ ೯೧ ರಿಂದ ಗೆದ್ದರು. ಇಬ್ಬರಿಗೂ ಬಿದ್ದ ಮತಗಳನ್ನು ಕೂಡಿಸಿ ೯೧ ರಿಂದ ಭಾಗಿಸಿದರೆ ಹದಿಮೂರು ಸಾವಿರದ ಆರುನೂರು ಮತಗಳಿಗೆ ಒಂದು ಮತದ ಅಂತರವೆಂದಾಯಿತು. ಒಂದು ಊರಿನ ಜನರೆಲ್ಲ ಕೂಡಿ ಒಂದು ಬೆರಳಿನಷ್ಟು ತಕ್ಕಡಿಯನ್ನು ಬಾಗಿಸಿದಂತೆ!

ಸೋತವರ ದೊಡ್ಡತನ

ಆಂಡರ್ಸನ್ನರಿಗೆ ಇನ್ನೂ ಒಂದು ದಾರಿಯಿತ್ತು. ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಅವರು ಮೇಲರ್ಜಿ ಹಾಕಬಹುದಾಗಿತ್ತು. ಹಿಂದೊಮ್ಮೆ ಅದೇ ನ್ಯಾಯಾಲಯದಲ್ಲಿ ಅವರ ಪರವಾಗಿ ತೀರ್ಪು ಬಂದಿತ್ತು. ಮೇಲರ್ಜಿ ಹಾಕಿದ್ದರೆ ಇನ್ನಷ್ಟು ದಿನ ಅಧಿಕಾರದಲ್ಲಿ ಇರಬಹುದಾಗಿತ್ತು. ಯಾರಿಗೆ ಗೊತ್ತು, ಗೆದ್ದೂಬಿಡಬಹುದಾಗಿತ್ತು. ಆದರೆ ಅವರು ಮೇಲರ್ಜಿ ಹಾಕಲಿಲ್ಲ. ತೀರ್ಪನ್ನು ಒಪ್ಪಿ ಕುರ್ಚಿ ಬಿಟ್ಟು ಎದ್ದರು. ಮಾರ್ಚ್ ೨೫, ಸೋಮವಾರ, ರೋಲ್ವಾಗ್ ಗವರ್ನರರಾಗಿ ಪ್ರಮಾಣವಚನ ಸ್ವೀಕರಿಸಿದರು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಅಷ್ಟು ಕಷ್ಟಪಟ್ಟು ಗೆದ್ದ ರೋಲ್ವಾಗರಿಗೆ ೧೯೬೬ ರಲ್ಲಿ ಅವರ ಪಕ್ಷದ ಅಧಿವೇಶನವೇ ಬೆಂಬಲ ಕೊಡಲಿಲ್ಲ; ಅವರ ಉಪಗವರ್ನರ್ ಕೀತರನ್ನು ಅದು ಆರಿಸಿತು. ರೋಲ್ವಾಗ್ ಪ್ರಾಥಮಿಕ ಚುನಾವಣೆಯಲ್ಲಿ ಕೀತರನ್ನು ಸೋಲಿಸಿದರೂ ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದ ಹೆರಾಲ್ಡ್ ಲೆವಾಂಡರ್ ಮುಂದೆ ಸೋತರು. ಆ ಬಳಿಕ ಐಸ್‌ಲೆಂಡಿಗೆ ರಾಯಭಾರಿಯಾಗಿ ಹೋದರು; ೧೯೯೦ ರಲ್ಲಿ ತೀರಿಕೊಂಡರು. ಸೋತ ಆಂಡರ್ಸನ್ ರಾಜಕೀಯ ಪದವಿಗೆ ಮರಳಲಿಲ್ಲವಾದರೂ ಸಾರ್ವಜನಿಕ ಕೆಲಸವನ್ನು ಬಿಡಲಿಲ್ಲ. ವಿಶ್ವವಿದ್ಯಾಲಯದ ಆಡಳಿತ ಮಂಡಲಿಯಲ್ಲಿ ದುಡಿದರು, ಪತ್ರಿಕೆಗಳನ್ನು ನಡೆಸಿದರು, ಉತ್ತರದ ಸರೋವರಗಳ ಕಾಡನ್ನು ಉಳಿಸಲು ವಾಯೇಜರ್ಸ್ ರಾಷ್ಟ್ರೀಯ ಉದ್ಯಾನವಾಗಬೇಕೆಂದು ಬಹಳ ಶ್ರಮಿಸಿದರು. ತಾವು ಕೂಡಿಟ್ಟಿದ್ದ ಸಾವಿರಾರು ಪುಸ್ತಕಗಳನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅಲ್ಲಿ ಒಂದು ಗ್ರಂಥಾಲಯಕ್ಕೆ ಅವರ ಹೆಸರೇ ಇದೆ. ೨೦೦೪ ರ ನವೆಂಬರಿನಲ್ಲಿ, ೯೫ ನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ೯೧ ಮತಗಳಿಂದ ಕುರ್ಚಿ ಹೋಯಿತೇ ಹೊರತು ಜನರ ಗೌರವ ಹೋಗಲಿಲ್ಲ.

ಈ ರಾಜ್ಯಕ್ಕೆ ಇಂಥದೇ ಪರೀಕ್ಷೆ ಮತ್ತೊಮ್ಮೆ ಬಂತು. ೨೦೦೮ ರಲ್ಲಿ ಅಲ್ಲಿಂದ ಅಮೇರಿಕದ ಸೆನೆಟಿಗೆ ನಡೆದ ಚುನಾವಣೆಯಲ್ಲಿ ಸುಮಾರು ೨೯ ಲಕ್ಷ ಮತಗಳು ಬಿದ್ದವು. ಮರುಎಣಿಕೆಯೂ ನ್ಯಾಯಾಲಯದ ವಿಚಾರಣೆಯೂ ಮುಗಿದಾಗ ಆಲ್ ಫ್ರಾಂಕೆನ್ ೩೧೨ ಮತಗಳಿಂದ ಗೆದ್ದಿದ್ದರು. ಅವರು ಸ್ಥಾನಕ್ಕೆ ಬಂದದ್ದು ಮರುವರ್ಷದ ಜುಲೈ ತಿಂಗಳಲ್ಲಿ. ಆಗಲೂ ಚೀಟಿಗಳನ್ನು ಎಲ್ಲರ ಮುಂದೆ ಒಂದೊಂದಾಗಿ ಎತ್ತಿ ತೋರಿಸಿದರು. ಆಗಲೂ ಸೋತವರು ಕೊನೆಗೆ ತಲೆಬಾಗಿದರು.

ನಾವು ಕಲಿಯತಕ್ಕದ್ದೇನು?

ಈ ಇತಿಹಾಸದಿಂದ ಎರಡು ಮಾತುಗಳು ನಮ್ಮ ಮನಸ್ಸಿನಲ್ಲಿ ನಿಲ್ಲುತ್ತವೆ. ಮೊದಲನೆಯದು ಎಣಿಸುವವರಿಗೆ ಸಂಬಂಧಿಸಿದ್ದು. ಗೆದ್ದವನು ಯಾವ ಲೆಕ್ಕವನ್ನಾದರೂ ಒಪ್ಪುತ್ತಾನೆ. ಸೋತವನು ಒಪ್ಪುವಂತಿದ್ದರೆ ಮಾತ್ರ ಅದು ಲೆಕ್ಕ. ಮಿನ್ನೆಸೋಟಾದವರು ಅವಸರ ಮಾಡಲಿಲ್ಲ. ವೈರಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಎಣಿಸಿದರು. ೧೩೯ ದಿನ ಹಿಡಿದರೂ ಹಿಡಿಯಲಿ, ಸಂಶಯ ಉಳಿಯಬಾರದೆಂದರು. ಆಂಡರ್ಸನ್ನರ ದೊಡ್ಡತನಕ್ಕೆ ಆ ಎಣಿಕೆಯ ಸಾಚಾತನವೂ ಕಾರಣವೆಂದು ನಮಗನ್ನಿಸುತ್ತದೆ. ಕಣ್ಣ ಮುಂದೆ ನಡೆದ ಲೆಕ್ಕದ ವಿರುದ್ಧ ಸತ್ಯವಂತನು ಹೇಗೆ ತಾನೇ ಜಗಳವಾಡಿಯಾನು? ದೇಶದ ಚುನಾವಣೆಯಿಂದ ಹಿಡಿದು ನಮ್ಮಂಥ ಸಂಘಗಳ ಕಾರ್ಯಕಾರಿ ಸಮಿತಿಯ ಚುನಾವಣೆಯವರೆಗೆ ಈ ಮಾತು ಸಲ್ಲುತ್ತದೆ.

ಎರಡನೆಯದು ಮತದಾರರಿಗೆ ಸಂಬಂಧಿಸಿದ್ದು. ಆ ೯೧ ಮಂದಿ ಯಾರೆಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಹಾಗೆಯೇ, "ಚಳಿ ಬಹಳವಾಗಿದೆ, ಇವತ್ತು ಹೋಗುವುದು ಬೇಡ" ಎಂದು ಮನೆಯಲ್ಲಿ ಉಳಿದವರು ಯಾರೆಂದೂ ಗೊತ್ತಿಲ್ಲ. ಅಂಥವರಲ್ಲಿ ೯೨ ಮಂದಿ ಎದ್ದು ಹೊರಟಿದ್ದರೆ ನಾಲ್ಕು ವರ್ಷಗಳ ಇತಿಹಾಸ ಬೇರೆಯಾಗಬಹುದಾಗಿತ್ತು. ಇದು ದೂರದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಕರ್ನಾಟಕದಲ್ಲಿಯೇ ೨೦೦೪ ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಿಂದ ಆರ್. ಧ್ರುವನಾರಾಯಣರು ಗೆದ್ದದ್ದು ಒಂದೇ ಒಂದು ಮತದಿಂದ.

ನಮ್ಮಂಥ ಹೊರನಾಡಿಗರಲ್ಲಿ ಇನ್ನೊಂದು ತೊಡಕಿದೆ. ಊರಿನ ಯಾದಿಯಲ್ಲಿ ಹೆಸರಿರುತ್ತದೆ, ಮತದಾನದ ದಿನ ನಾವು ಅಲ್ಲಿರುವುದಿಲ್ಲ. ಇಲ್ಲಿ ನಾವಿರುತ್ತೇವೆ, ಯಾದಿಯಲ್ಲಿ ಹೆಸರಿರುವುದಿಲ್ಲ. ಚಾಳಿನಿಂದ ಬ್ಲಾಕಿಗೆ, ಬ್ಲಾಕಿನಿಂದ ಉಪನಗರಕ್ಕೆ ಮನೆ ಬದಲಾಯಿಸಿದಾಗ ಗ್ಯಾಸಿನ ವಿಳಾಸವನ್ನು ಬದಲಾಯಿಸುತ್ತೇವೆ, ಬ್ಯಾಂಕಿನ ವಿಳಾಸವನ್ನು ಬದಲಾಯಿಸುತ್ತೇವೆ. ಮತದಾರರ ಯಾದಿಯನ್ನು ಮಾತ್ರ ಮರೆಯುತ್ತೇವೆ. ನಮ್ಮ ಮಕ್ಕಳು ಓದುವ ಶಾಲೆ, ನಾವು ಕುಡಿಯುವ ನೀರು, ನಾವು ಹತ್ತುವ ರೈಲು ಎಲ್ಲವೂ ಇಲ್ಲಿಯವು. ಇವುಗಳ ವಿಷಯದಲ್ಲಿ ತೀರ್ಮಾನ ಮಾಡುವವರನ್ನು ಆರಿಸುವಾಗ ನಾವು ಅತಿಥಿಗಳಂತೆ ದೂರ ನಿಲ್ಲುವುದು ಸರಿಯಲ್ಲ. ಮನೆಯಲ್ಲಿ ಕನ್ನಡ ಉಳಿಯಲಿ. ವಾಸಿಸುವ ಊರಿನ ಯಾದಿಯಲ್ಲಿ ಹೆಸರೂ ಇರಲಿ. ಹಿರಿಯ ರೋಲ್ವಾಗರು ತಮ್ಮ ಜನಕ್ಕೆ ಕಲಿಸಿದ ಪಾಠ ಹೆಚ್ಚುಕಡಿಮೆ ಇದೇ.

ಈ ರಾಜ್ಯೋತ್ಸವದ ಸಂದರ್ಭದಲ್ಲಿ ನಮ್ಮ ಸಂಘದ ಪ್ರತಿಯೊಂದು ಕುಟುಂಬವೂ ತಮ್ಮ ಮನೆಯಲ್ಲಿ ಹದಿನೆಂಟು ತುಂಬಿದವರೆಲ್ಲರ ಹೆಸರು ಮತದಾರರ ಯಾದಿಯಲ್ಲಿದೆಯೋ ಇಲ್ಲವೋ ಎಂದು ಒಮ್ಮೆ ನೋಡಿಕೊಳ್ಳಲಿ ಎಂದು ನಮ್ಮ ವಿನಂತಿ. ನಮ್ಮ ಸದಸ್ಯರ ಮನೆಗಳಲ್ಲಿ ೯೧ ಹೆಸರುಗಳು ಬಿಟ್ಟುಹೋಗಿದ್ದರೆ ಆಶ್ಚರ್ಯವೇನೂ ಇಲ್ಲ.